ನನ್ನ ಬೇಸ್‌ಬಾಲ್ ವೃತ್ತಿಜೀವನದ ಇಪ್ಪತ್ತು ನಿಮಿಷ

ಬೇಸ್‌ಬಾಲ್ ಆಟದಲ್ಲಿ ಚೆಂಡು ಎಸೆಯುವವನನ್ನು ಪಿಚ್ಚರ್ ಎನ್ನುತ್ತಾರೆ. ಅಮೆರಿಕದಲ್ಲಿ ಈ ಪದವಿಗೇರಲು ಮಕ್ಕಳು ಹಾಲುಹಲ್ಲು ಬೀಳುವ ಮೊದಲೇ ಅಭ್ಯಾಸ ಶುರು ಮಾಡಿ, ಸಣ್ಣ ತಂಡ, ದೊಡ್ಡ ತಂಡ, ಇನ್ನೂ ದೊಡ್ಡ ತಂಡ ಎಂದು ಮೆಟ್ಟಿಲು ಹತ್ತಿ, ನಡುವೆ ಭುಜಕ್ಕೆ ಒಂದೆರಡು ಆಪರೇಷನ್ ಕೂಡ ಮಾಡಿಸಿಕೊಳ್ಳುತ್ತಾರಂತೆ. ನಾನು ನಲವತ್ತೇಳನೇ ವಯಸ್ಸಿನಲ್ಲಿ, ಕೊಲ್ಲಿ ದೇಶದ ಸಿತ್ರಾ ದ್ವೀಪದ ಕಾರ್ಖಾನೆಯ ಅಂಗಳದಲ್ಲಿ, ಬರೀ ಕೈ ಎತ್ತಿ ಪಿಚ್ಚರ್ ಆದೆ. ಪ್ರತಿಭೆ ಎಂದರೆ ಇದು!

ಅದೂ ಹವ್ಯಾಸಿಯಲ್ಲ, ವೃತ್ತಿಪರ. ಪ್ರತಿಫಲ ಪಡೆದು ಆಡುವವನೇ ವೃತ್ತಿಪರ ತಾನೇ? ನನ್ನ ಪ್ರತಿಫಲ ಹದಿನೈದು ದಿನಗಳ ರಜೆ.

ಮೂಲ್ಕಿಯಲ್ಲಿ ನನ್ನ ಹೆಂಡತಿ ಸುಮತಿಯ ತಮ್ಮನ ಮದುವೆ ಗೊತ್ತಾಗಿತ್ತು. ಅದೇ ಹೊತ್ತಿಗೆ ಕಾರ್ಖಾನೆಯಲ್ಲಿ ವಾರ್ಷಿಕ ರಿಪೇರಿ. ಯಾರಿಗೂ ರಜೆ ಇಲ್ಲವೆಂದು ನೋಟಿಸು ಅಂಟಿಸಿದ್ದರು.

"ಇರುವುದೇ ಒಬ್ಬ ತಮ್ಮ ಮಾರಾಯ್ರೆ ನಂಗೆ," ಎಂದಳು ಸುಮತಿ. "ಭಾವ ಎಲ್ಲಿ, ಭಾವ ಎಲ್ಲಿ ಅಂತ ಎಲ್ಲ ಕೇಳ್ತಾರೆ. ಚಿಲ್ಲರೆ ರಜೆ ತೆಗ್ಲಿಕ್ಕೆ ಆಗ್ಲಿಲ್ಲ ಅಂತ ಹೇಳುದಾ ನಾನು? ನೀವು ಬಾರದಿದ್ರೆ ನಾನೂ ಹೋಗುದಿಲ್ಲ. ಮತ್ತೆ ಈ ಮನೆಯಲ್ಲಿ ನಾನು, ನೀವು ಇಬ್ರೇ. ನೆನಪಿರ್ಲಿ!"

ಆ ಕೊನೆಯ ಮಾತಿಗೆ ನಾನು ನಿಜಕ್ಕೂ ಹೆದರಿದೆ.

ದೇವರು ದೊಡ್ಡವನು. ನಮ್ಮ ಮ್ಯಾನೇಜರ್ ಗ್ರೆಗ್ ಸಾಹೇಬರು ಅಮೆರಿಕದವರು, ಬೇಸ್‌ಬಾಲ್ ಹುಚ್ಚರು. ಕಾರ್ಖಾನೆಯ ನಾಲ್ಕು ತಂಡಗಳಿಗೆ ಅವರು ಪಂದ್ಯಗಳನ್ನು ಇಟ್ಟಿದ್ದರು, ಮೊದಲನೆಯದು ನಮ್ಮ ವರ್ಕ್‌ಶಾಪಿನವರಿಗೂ ಆಫೀಸಿನವರಿಗೂ. ಮೊದಲ ಪಂದ್ಯಕ್ಕೆ ವಾರ ಇರುವಾಗ ವರ್ಕ್‌ಶಾಪ್ ತಂಡದ ಪಿಚ್ಚರ್ ಏಣಿಯಿಂದ ಜಾರಿ ಭುಜ ಉಳುಕಿಸಿಕೊಂಡ. "ಚೆಂಡು ಎಸೆಯಬಲ್ಲವರು ಯಾರಿದ್ದೀರಿ?" ಎಂದು ಸಾಹೇಬರು ಬೆಳಗಿನ ಸಭೆಯಲ್ಲಿ ಕೇಳಿದಾಗ, ನನ್ನ ಗೆಳೆಯ ಕಾರ್ಕಳದ ದಿನೇಶ ಸೊಂಟಕ್ಕೆ ತಿವಿದ.

"ಕೈ ಎತ್ತು ಮಾರಾಯ! ಊರಲ್ಲಿ ಬೆಸ್ಟ್ ಬೌಲರ್ ಕಪ್ ತೆಗೆದವ ನೀನಲ್ವಾ?"

ಎತ್ತಿದೆ. ಅಲ್ಲೇ ರಜೆಯ ಸಂಗತಿಯನ್ನೂ ಎತ್ತಿದೆ. ಸಾಹೇಬರು ನಕ್ಕು, "ಪಂದ್ಯ ಗೆಲ್ಲಿಸು, ರಜೆ ನಿನ್ನದು" ಎಂದರು. ಕಪ್ಪುಗಳೆಲ್ಲ ಅಂಡರ್ ಆರ್ಮ್ ಕ್ರಿಕೆಟ್ಟಿನವು ಎಂಬ ಸಣ್ಣ ವಿಷಯವನ್ನು ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ. ನಮ್ಮ ಕರಾವಳಿಯಲ್ಲಿ ಕೈ ಬೀಸಿ ಕೆಳಗಿಂದ ಬಿಟ್ಟ ಚೆಂಡು ನೆಲ ಕಚ್ಚಿಕೊಂಡು ಹೋಗಬೇಕು. ಎಷ್ಟು ತಗ್ಗಿ ಹೋಗುತ್ತದೋ ಬೌಲರಿಗೆ ಅಷ್ಟು ಮರ್ಯಾದೆ.

ಅಂದು ಸಂಜೆಯೇ ಸುಮತಿಗೆ ತಲೆದಿಂಬು ಹಿಡಿಸಿ ಅಡುಗೆಮನೆಯ ಬಾಗಿಲಲ್ಲಿ ಕೂರಿಸಿ ತರಬೇತಿ ಆರಂಭಿಸಿದೆ. ಮೂರನೇ ಚೆಂಡಿಗೆ ಅವಳ ತಾಯಿ ಕೊಟ್ಟ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ ಹೋಳಾಯಿತು. ಅವಳು ಹೋಳುಗಳನ್ನೂ ನನ್ನನ್ನೂ ಸರದಿಯಂತೆ ನೋಡಿದಳು.

"ಇನ್ನು ಊರಿಗೆ ಹೋಗ್ಲೇಬೇಕು," ಎಂದಳು. "ಉಪ್ಪಿನಕಾಯಿ ಆದ್ರೂ ತರ್ಬೇಕಲ್ಲ."

ಶುಕ್ರವಾರ ಬೆಳಿಗ್ಗೆ ಪಂದ್ಯ. ಕಾರ್ಖಾನೆಯ ಹಿಂದಿನ ಮರಳು ಬಯಲಿನಲ್ಲಿ ಸುಣ್ಣದ ಗೆರೆ ಎಳೆದು, ನಡುವೆ ನನಗಾಗಿ ಒಂದು ದಿಬ್ಬ ಮಾಡಿದ್ದರು. ಸುಮತಿ ಟೆಂಟಿನಡಿ ಫ್ಲಾಸ್ಕ್ ಹಿಡಿದು ಕೂತಿದ್ದಳು. ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ನಾನು ದಿಬ್ಬ ಹತ್ತಿದೆ.

ಮೊದಲ ಚೆಂಡು. ಆಹಾ! ನೆಲದಿಂದ ಒಂದು ಬೆರಳು ಮೇಲೇಳದೆ ಹಾವಿನಂತೆ ಹರಿದು ಹೋಯಿತು. ಬ್ಯಾಟು ಹಿಡಿದವನು ಬಾಯಿಬಿಟ್ಟು ನೋಡಿದ, ಬೀಸಲೇ ಇಲ್ಲ. ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ. ನಾಲ್ಕನೆಯದು ಮುಗಿದದ್ದೇ ಬ್ಯಾಟನ್ನು ಕೆಳಗೆ ಬಿಸಾಡಿ ತಲೆಯಾಡಿಸುತ್ತಾ ನಡೆದೇಬಿಟ್ಟ.

ಔಟ್! ನಾನು ಎರಡೂ ಕೈ ಮೇಲೆತ್ತಿ ಕುಣಿದೆ. ದಿನೇಶ ಓಡಿಬಂದು ಅಪ್ಪಿಕೊಂಡ. ಟೆಂಟಿನಡಿಯಿಂದ ಸುಮತಿಯ ಚಪ್ಪಾಳೆ ಕೇಳಿತು. ಎರಡನೆಯವನು, ಮೂರನೆಯವನು, ನಾಲ್ಕನೆಯವನು, ಎಲ್ಲರೂ ಹಾಗೆಯೇ ಬ್ಯಾಟು ಬಿಸಾಡಿ ನಡೆದರು. ಔಟಾದವರು ಮೈದಾನದ ಮೂಲೆಗಳಲ್ಲಿ ಯಾಕೆ ನಿಂತಿದ್ದಾರೆ ಎಂದು ಸ್ವಲ್ಪ ಸಂಶಯ ಬಂತು. ನಮ್ಮೂರಲ್ಲೂ ಔಟಾದವರು ಬೇಗ ಮೈದಾನ ಬಿಡುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆಫೀಸಿನವರ ಕಡೆಯಿಂದ ದೊಡ್ಡ ಕೇಕೆ ಎದ್ದಿತು. ಗ್ರೆಗ್ ಸಾಹೇಬರು ದಿಬ್ಬಕ್ಕೆ ಬಂದರು. ಮುಖ ಬೆಂದ ಸಿಗಡಿಯ ಬಣ್ಣಕ್ಕೆ ತಿರುಗಿತ್ತು.

"ಏನು ಸಂಭ್ರಮ ನಿನ್ನದು?"

"ನಾಲ್ಕು ವಿಕೆಟ್, ಸರ್!"

ಆಗ ತಿಳಿಯಿತು. ತೀರ ತಗ್ಗಿಗೆ ನಾಲ್ಕು ಚೆಂಡು ಎಸೆದರೆ ಎದುರಾಳಿಗೆ ಒಂದು ಮೂಲೆಯವರೆಗೆ ನಡೆದುಹೋಗುವ ಹಕ್ಕು ಸಿಗುತ್ತದೆ. ಮೂಲೆಗಳು ತುಂಬಿದ ಮೇಲೆ ನಾಲ್ಕನೆಯವನು ನಡೆದರೆ ಮೊದಲನೆಯವನು ಸುತ್ತು ಮುಗಿಸಿ ಒಂದು ರನ್. ಅಂದರೆ ಆಫೀಸಿನವರು ಬ್ಯಾಟು ಬೀಸದೆ, ಬೆವರು ಸುರಿಸದೆ, ವಾಕಿಂಗ್ ಮಾಡುತ್ತಾ ನಮ್ಮನ್ನು ಸೋಲಿಸುತ್ತಿದ್ದರು! ನಾನು ಪ್ರತಿಯೊಬ್ಬನನ್ನೂ ಚಪ್ಪಾಳೆ ತಟ್ಟಿ ಬೀಳ್ಕೊಟ್ಟಿದ್ದೆ.

"ಮೇಲಿಂದ ಎಸೆ. ನೇರ ಎಸೆ. ಜೋರಾಗಿ ಎಸೆ," ಎಂದು ಹೇಳಿ ಸಾಹೇಬರು ಹಲ್ಲು ಕಚ್ಚಿಕೊಂಡೇ ಹೋದರು.

ರಜೆ ಕೈಜಾರುತ್ತಿತ್ತು. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಭುಜಕ್ಕೆ ತಂದೆ. ದಿಬ್ಬದಿಂದ ಹದಿನೆಂಟು ಹೆಜ್ಜೆ ಹಿಂದಕ್ಕೆ ಹೋಗಿ, ಅಲ್ಲಿಂದ ಓಡಿಬಂದೆ. ಬೇಸ್‌ಬಾಲ್‌ನಲ್ಲಿ ಯಾರೂ ಓಡಿಬಂದು ಎಸೆಯುವುದಿಲ್ಲ ಎಂದು ಯಾರೂ ನನಗೆ ಹೇಳಿರಲಿಲ್ಲ. ಗೂಳಿಯಂತೆ ನುಗ್ಗಿಬರುತ್ತಿದ್ದ ನನ್ನನ್ನು ಕಂಡು ಬ್ಯಾಟು ಹಿಡಿದಿದ್ದ ಕುರಿಯನ್ ಸರ್ ಓಡಲು ತಿರುಗಿದರು. ತಿರುಗಬಾರದಿತ್ತು. ಚೆಂಡು ಅವರು ಕೂರುವ ಜಾಗಕ್ಕೇ ಅಪ್ಪಳಿಸಿತು.

ಸಾಮಾನ್ಯ ಮನುಷ್ಯನಾಗಿದ್ದರೆ ಓಡಿಹೋಗಿ ಎತ್ತುತ್ತಿದ್ದ. ಆದರೆ ಮೂವತ್ತು ವರ್ಷದ ಚಟ ಬಿಡುತ್ತದೆಯೇ? ಚೆಂಡು ವಿಕೆಟ್ಟಿನ ನೇರಕ್ಕಿತ್ತು, ತಗಲಿದ್ದು ಮೈಗೆ! ನಾನು ಮರಳಲ್ಲಿ ಮೊಣಕಾಲೂರಿ, ಅಂಪೈರ್ ಕಡೆಗೆ ಎರಡೂ ಕೈ ಚಾಚಿ, ಗಂಟಲು ಹರಿಯುವಂತೆ ಕೂಗಿದೆ: "ಹೌಜ್ಯಾಟ್!"

ದೂರದಿಂದ ದಿನೇಶನೂ ಕೂಗಿದ. ಬೋರಲಾಗಿ ಮಲಗಿದ್ದ ಕುರಿಯನ್ ಸರ್ ಮಲಯಾಳದಲ್ಲಿ ಏನೋ ಹೇಳುತ್ತಿದ್ದರು.

ಅವರು ನಮ್ಮ ಎಚ್‌ಆರ್ ಮುಖ್ಯಸ್ಥರು. ಎಲ್ಲ ರಜೆ ಅರ್ಜಿಗಳಿಗೂ ಸಹಿ ಹಾಕುವವರು.

ಅಲ್ಲಿಗೆ ನನ್ನನ್ನು ದಿಬ್ಬದಿಂದ ಇಳಿಸಿದರು. ಹತ್ತಿದ್ದು ಏಳೂವರೆಗೆ, ನಿವೃತ್ತಿಯಾದದ್ದು ಏಳು ಐವತ್ತಕ್ಕೆ. ಸುಮತಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಬೈದಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು. ಆಮೇಲೆ ವರ್ಕ್‌ಶಾಪಿನವರು ಹೇಗೋ ಹೆಣಗಾಡಿ ಒಂದೇ ರನ್ನಿನಿಂದ ಗೆದ್ದು ಫೈನಲ್‌ಗೆ ಏರಿದರು. ನಾನಿಲ್ಲದೆಯೇ ಗೆದ್ದದ್ದರಿಂದ ರಜೆ ಕೇಳುವ ಮುಖವೂ ನನಗಿರಲಿಲ್ಲ.

ಇಲ್ಲಿ ವಾರದ ಮೊದಲ ದಿನವಾದ ಭಾನುವಾರ ಕೆಲಸ ಶುರುವಾದದ್ದೇ ಎಚ್‌ಆರ್ ಆಫೀಸಿನಿಂದ ಕರೆ ಬಂತು. ಕೆಲಸ ಹೋಯಿತು ಎಂದುಕೊಂಡೇ ಹೋದೆ. ಕುರಿಯನ್ ಸರ್ ಬೀರುವಿನ ಮೇಲೆ ಫೈಲಿಟ್ಟು ನಿಂತುಕೊಂಡೇ ಬರೆಯುತ್ತಿದ್ದರು. ಪಕ್ಕದಲ್ಲಿ ಗ್ರೆಗ್ ಸಾಹೇಬರು. ಪಂದ್ಯಕ್ಕೆ ಮೊದಲೇ ನಾನು ಬರೆದುಕೊಟ್ಟಿದ್ದ ರಜೆಯ ಅರ್ಜಿಯನ್ನು ನನ್ನ ಕೈಗೆ ಕೊಟ್ಟರು. ಮಂಜೂರಾಗಿತ್ತು! ಹದಿನೈದು ಎಂದು ನಾನು ಬರೆದಿದ್ದನ್ನು ಕೆಂಪು ಶಾಯಿಯಲ್ಲಿ ಹೊಡೆದು ಮೂವತ್ತು ಮಾಡಿದ್ದರು.

"ಸರ್, ಇಷ್ಟೊಂದು ಯಾಕೆ?"

"ಫೈನಲ್ ಇನ್ನು ಮೂರು ವಾರಕ್ಕೆ," ಎಂದರು ಸಾಹೇಬರು. "ಮಳೆಗಿಳೆ ಬಂದು ಮುಂದೆ ಹೋದರೂ ನೀನು ಈ ದ್ವೀಪದಲ್ಲಿ ಇರಬಾರದು."

ಕುರಿಯನ್ ಸರ್ ಬಹಳ ಪ್ರೀತಿಯಿಂದ ಕೈ ಕುಲುಕಿದರು. ಎರಡು ತಂಡಗಳೂ ಒಮ್ಮತದಿಂದ ತೆಗೆದುಕೊಂಡ ಏಕೈಕ ತೀರ್ಮಾನ ಇದೇ ಅಂತೆ.

ಮನೆಗೆ ಬಂದು ಕಾಗದ ತೋರಿಸಿದೆ. ಸುಮತಿ ಎರಡು ಸಲ ಓದಿ, ಕುಣಿದಾಡಿಬಿಟ್ಟಳು. ಆಮೇಲೆ ನನ್ನ ಭುಜ ತಟ್ಟಿ ಹೇಳಿದಳು:

"ನಿಮ್ಮಿಂದ ಎಂತದೂ ಆಗುದಿಲ್ಲ ಅಂತ ಇಪ್ಪತ್ತು ವರ್ಷದಿಂದ ಹೇಳ್ತಾ ಇದ್ದೆ. ಅದ್ರಿಂದಲೇ ಕೆಲಸ ಆಯ್ತು ನೋಡಿ!"