ಮೂಗಿಗೆ ಬಂದ ನುಣುಪು

"ನೋಡ್ತಿರು, ನಿಮ್ಮಮ್ಮ ಮೂಗಿನ ಮೇಲೆ ಬೆರಳಿಡಬೇಕು, ಹಾಗೆ ಕೆತ್ತಿಕೊಡ್ತೀನಿ!" ಎಂದು ಪ್ಲಾಸಿಡೊ ಹೆಂಡತಿಯೆದುರು ಘೋಷಿಸಿ ಎಂಟು ದಿನವಾಗಿತ್ತು. ಪಾಯೆತೆ ಊರಲ್ಲಿ ಮನೆಗೊಬ್ಬ ಮರ ಕೆತ್ತುವವನಿದ್ದರೆ, ಪ್ಲಾಸಿಡೊ ಮಾತ್ರ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವವನು. ಆದರೆ ಅತ್ತೆಯ ಮನೆಯಲ್ಲಿದ್ದ ಸಂತ ಆನಾಳ ಮರದ ಮೂರ್ತಿಯನ್ನು, ಅಂದರೆ ಯೇಸುಸ್ವಾಮಿಯ ಸಾಕ್ಷಾತ್ ಅಜ್ಜಿಯನ್ನು, ಬಲ್ಬು ಬದಲಿಸಲು ಹೋಗಿ ಮೊಣಕೈಯಲ್ಲಿ ಕೆಡವಿ ಮುರಿದವನೂ ಅವನೇ! ಆನಾಳ ಹಬ್ಬದ ಊಟಕ್ಕೆ ಬರುವ ಅತ್ತೆಯ ಕೈಗೆ ಹೊಸ ಆನಾಳನ್ನು ಇಡದಿದ್ದರೆ ಅಳಿಯನ ಮರ್ಯಾದೆ ಅಲ್ಲಿಗೆ ಮುಗಿಯಿತು.

ಹಬ್ಬದ ಬೆಳಿಗ್ಗೆ ಗೇಣುದ್ದದ ಅಜ್ಜಿ ಸಿದ್ಧಳಾದಳು. ಮುಸುಕು, ಸುಕ್ಕು, ಉದ್ದ ಮೂಗು ಎಲ್ಲ ಇತ್ತು. ಆದರೆ ಮೊಂಡು ಉಳಿಯ ಪ್ರತಾಪಕ್ಕೆ ಮರದ ನಾರೆಲ್ಲ ಎದ್ದು ನಿಂತಿತ್ತು.

ಹೆಂಡತಿ ಕೊರಿಂಗ್ ಕಣ್ಣು ಕಿರಿದು ಮಾಡಿದಳು. "ಏನ್ರೀ ಇದು, ಸಂತಳಿಗೆ ಮೀಸೆ?"

"ವಯಸ್ಸಾದ್ಮೇಲೆ ಬರುತ್ತೆ ಕಣೇ. ನಿಮ್ಮಮ್ಮನಿಗಿಲ್ವಾ?"

"ನಮ್ಮಮ್ಮನ ಸುದ್ದಿ ಬೇಡ. ಹಿತ್ತಲಲ್ಲಿ ಇಸ್-ಇಸ್ ಗಿಡದ ಒಣಗಿದೆಲೆ ಬಿದ್ದಿದೆ, ತಂದು ಉಜ್ಜಿ. ಎಷ್ಟು ಒರಟಿರುತ್ತೆ! ನಿಮ್ಮಪ್ಪ ಉಜ್ತಿದ್ದಿದ್ದೂ ಅದ್ರಲ್ಲೇ."

"ಎಲೆ ಇರೋದು ಮೇಕೆಗೆ! ಇದು ಯಂತ್ರಯುಗ!"

ಮನೆಯಲ್ಲಿ ಉಪ್ಪುಕಾಗದವಿಲ್ಲ. ಹಬ್ಬವೆಂದು ಅಂಗಡಿಗೆ ಬೀಗ. ಹಾಗಾಗಿ ಯಂತ್ರಯುಗ ಕೊರಿಂಗಳ ಹಿಮ್ಮಡಿ ಉಜ್ಜುವ ಕಲ್ಲಿನಿಂದ ಆರಂಭವಾಯಿತು! ಮೀಸೆ ಹೋಯಿತು. ಜೊತೆಗೆ ಬಲಗೆನ್ನೆಯ ಸುಕ್ಕೂ ಹೋಯಿತು. ಎಡಗೆನ್ನೆಯನ್ನು ಸರಿದೂಗಿಸಲು ಉಗುರು ಉಜ್ಜುವ ಅರ ಬಂತು. ಅಜ್ಜಿಗೆ ನಲವತ್ತು ವರ್ಷವಾಯಿತು! ಮುಸುಕಿನ ಮಡಿಕೆಗಳಿಗೆ ಹಲ್ಲುಜ್ಜುವ ಬ್ರಷ್ಷು ಒದ್ದೆ ಮಾಡಿ ತಿಕ್ಕಿದ. ನೀರು ತಾಗಿದ್ದೇ ತಡ, ಮಲಗಿದ್ದ ನಾರೂ ಎದ್ದು ಕೂತಿತು.

"ಅಯ್ಯೋ, ಅದು ನನ್ನ ಬ್ರಷ್ಷು!"

"ದೇವರ ಕೆಲಸಕ್ಕೆ ಬಂತಲ್ಲ, ಪುಣ್ಯ ಅಂದ್ಕೋ!"

ಪ್ಲಾಸಿಡೊನ ತಾಳ್ಮೆ ಕೆಟ್ಟಿತು. ಮೊಟ್ಟೆ ಕಡೆಯುವ ಮಷೀನಿಗೆ ಪಾತ್ರೆ ತಿಕ್ಕುವ ಉಕ್ಕಿನ ಜುಂಗು ಸುತ್ತಿ, ರಬ್ಬರ್ ಬ್ಯಾಂಡ್ ಬಿಗಿದು ಗುಂಡಿ ಒತ್ತಿದ. ಗರ್ರ್ರ್... ಟಕ್! ಆನಾಳ ಮೂಗು ಕಿಟಕಿಯಾಚೆ ಹಾರಿತು. ಇನ್ನು ಬೆರಳಿಡುವುದೆಲ್ಲಿ?

ಉಳಿದ ಮರದಲ್ಲೇ ಬಟಾಣಿಯಂಥ ಮೂಗು ತೀಡಿದ. ಆ ಮೂಗಿಗೆ ಹೊಂದುವಂತೆ ಕೆನ್ನೆ, ಕೆನ್ನೆಗೆ ಹೊಂದುವಂತೆ ಗಲ್ಲ. ನಾರೆದ್ದ ಮುಸುಕು ಸವೆದು ಸವೆದು ಗುಂಗುರು ಕೂದಲಾಯಿತು.

"ಇದ್ಯಾರ್ರೀ?" ಕೊರಿಂಗ್ ಹೌಹಾರಿದಳು.

"ಆನಾನೇ ಕಣೇ... ಚಿಕ್ಕೋಳಿದ್ದಾಗ."

ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ಅತ್ತೆ ಇಸ್ಕಾ ಒಳಗೆ ಬಂದರು. ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅತ್ತೆ ಲೊಚಕ್ಕನೆ ಮುತ್ತಿಟ್ಟರು!

"ಎಷ್ಟು ಮುದ್ದಾಗಿದಾನೆ ನನ್ನ ಬಾಲಯೇಸು!"

ಪ್ಲಾಸಿಡೊನ ಎದೆ ಉಬ್ಬಿತು. "ಏನೋ ಅತ್ತೆ, ಕೈಲಾದಷ್ಟು..."

"ಮೊಮ್ಮಗನೇನೋ ಬಂದ. ಅಜ್ಜಿ ಯಾವಾಗ ಬರ್ತಾಳೆ ಅಳಿಯಂದ್ರೇ?"

ಉಬ್ಬಿದ ಎದೆ ಪುಸ್ಸೆಂದಿತು. ಅತ್ತೆ ಚೀಲದಿಂದ ಒಂದು ಹಿಡಿ ಒಣಗಿದೆಲೆ ತೆಗೆದು ಅವನ ಕೈಗಿಟ್ಟರು.

"ಬರ್ತಾ ನಿಮ್ಮ ಹಿತ್ತಲಲ್ಲೇ ಆರಿಸ್ಕೊಂಡೆ. ಈ ಸಲ ಇದ್ರಲ್ಲಿ ಉಜ್ಜಿ. ಅಜ್ಜಿ ಮುಖಕ್ಕೆ ನನ್ನನ್ನೇ ನೋಡ್ಕೊಳ್ಳಿ, ಒಂದು ಸುಕ್ಕೂ ಬಿಡ್ಬೇಡಿ." ಅತ್ತೆ ತಮ್ಮ ಮೇಲ್ದುಟಿಯನ್ನೊಮ್ಮೆ ಸವರಿಕೊಂಡರು. "ಮೀಸೆ ಮಾತ್ರ ಬೇಡ."