ನಾನು ಬೆರ್ಚಪ್ಪನಾದ ಬೆಳಗು

ಹಕ್ಕಿ ನೋಡುವುದೇನು ಬ್ರಹ್ಮವಿದ್ಯೆಯೇ! ಕಣ್ಣು ತೆರೆದು ಬಾಯಿ ಮುಚ್ಚಿಕೊಂಡರೆ ಸಾಕು. ಬೀರೂರಿನಲ್ಲಿ ಗೂಡ್ಸ್ ರೈಲಿನ ಗಾರ್ಡಾಗಿ ಸರ್ವೀಸೆಲ್ಲ ಅದನ್ನೇ ಮಾಡಿದವನು ನಾನು. ನಿವೃತ್ತಿಯಾದ ಮೇಲೆ ಸಿಂಗಟಗೆರೆ ಪಕ್ಕದ ನಮ್ಮ ಎರಡೆಕರೆಗೆ ರಾಸಾಯನಿಕ ಗೊಬ್ಬರದ ಪ್ರವೇಶ ನಿಷೇಧಿಸಿ, ಸಾವಯವ ಸಾಮ್ರಾಜ್ಯ ಸ್ಥಾಪಿಸಿದೆ. ಗೌಜಲ ಹಕ್ಕಿ ವಾಪಸ್ ಬಂದಿದೆ, ನಮ್ಮ ಬೇಲಿಯಲ್ಲೇ ಮರಿ ಮಾಡಿದೆ ಎಂದು ಊರಿಗೆಲ್ಲ ಸಾರಿದೆ.

ಹೆಂಡತಿ ತೀರ್ಥಮ್ಮ ಮಾತ್ರ ನಂಬಲಿಲ್ಲ. ಅವಳ ಪ್ರಕಾರ ಆ ಕಳ್ಳಿಬೇಲಿಯಲ್ಲಿರುವುದು ಹಾವು. ಶನಿವಾರ ಜೆಸಿಬಿ ತರಿಸಿ ಬೇಲಿ ಕೀಳಿಸಿ ತಂತಿ ಎಳೆಸುವುದೆಂದು ಅವಳೂ, ಕಡೂರಿನ ಅವಳ ತಮ್ಮ ಕಾಂತರಾಜನೂ ತೀರ್ಮಾನ ಮಾಡಿಯೇಬಿಟ್ಟಿದ್ದರು.

"ಅಷ್ಟರೊಳಗೆ ಒಂದು ಮರಿ ಕಣ್ಣಾರೆ ತೋರಿಸ್ರೀ, ಬೇಲಿ ಮುಟ್ಟಲ್ಲ" ಎಂದಳು.

ಅದು ನಮ್ಮಪ್ಪ ನೆಟ್ಟ ಬೇಲಿ. ಚಿಕ್ಕಂದಿನಲ್ಲಿ ನನ್ನನ್ನು ಎಬ್ಬಿಸುತ್ತಿದ್ದದ್ದೇ ಅಲ್ಲಿಂದ ಬರುವ ಗೌಜಲದ ಕೂಗು. ಅಪ್ಪ ನನ್ನನ್ನು ಕಂಬಳಿಯೊಳಗೆ ಸೇರಿಸಿಕೊಂಡು ಬದುವಿನ ಮೇಲೆ ಕೂತರೆ, ತಾಯಿಹಕ್ಕಿ ಮರಿಗಳ ಮೆರವಣಿಗೆ ಹೊರಡಿಸಿಕೊಂಡು ನಮ್ಮೆದುರೇ ದಾಟುತ್ತಿತ್ತು. ಆ ಕಂಬಳಿಯ ಕುರಿವಾಸನೆ, ಅಪ್ಪನ ಎಲೆಅಡಿಕೆ ವಾಸನೆ ಈಗಲೂ ಮೂಗಿನಲ್ಲೇ ಇದೆ.

ಆದರೆ ನನ್ನ ಕೆಮ್ಮು ಕೇಳಿದರೆ ಸಾಕು, ಹಕ್ಕಿಗಳು ಪುರ್ರ್! ಹೊಲದಲ್ಲಿ ಅವು ಲೆಕ್ಕಕ್ಕೇ ಇಡದಿದ್ದವನು ಬೆರ್ಚಪ್ಪನೊಬ್ಬನೇ. ಶನಿವಾರ ಬೆಳಿಗ್ಗೆ ಅವನನ್ನು ಕಿತ್ತು ಬದುವಿನಲ್ಲಿ ಮಲಗಿಸಿದೆ. ಅವನ ಹರಕು ಅಂಗಿ ತೊಟ್ಟು, ಸುಣ್ಣದ ಬೊಟ್ಟಿನ ಒಡಕು ಮಡಕೆ ತಲೆಗೆ ಕವುಚಿಕೊಂಡು, ತೋಳುಗಳಿಗೆ ಅಡ್ಡಗೋಲು ತೂರಿಸಿ, ಒಡಕಿನಿಂದ ಇಣುಕುತ್ತಾ ರಾಗಿಯ ನಡುವೆ ಸರ್ವಾಲಂಕಾರಭೂಷಿತನಾಗಿ ನಿಂತೆ!

ಗೊದ್ದ ಇರುವೆ ಪಂಚೆಯೊಳಗೆ ಹತ್ತಿತು. ಸಹಿಸಿದೆ. ಕಾಗೆ ಮಡಕೆಯ ಮೇಲೆ ಕೂತು ತನ್ನ ಪ್ರಾತರ್ವಿಧಿ ಮುಗಿಸಿತು. ಅದನ್ನೂ ಸಹಿಸಿದೆ. ಅಷ್ಟರಲ್ಲಿ ಅಕ್ಕ, ತಮ್ಮ ಇಬ್ಬರೂ ಬಂದರು. ಕಾಂತರಾಜ ನನ್ನ ಚಾಚಿದ ಕೈಗೆ ತನ್ನ ಹೆಲ್ಮೆಟ್ ನೇತುಹಾಕಿದ! ಕೂಗೋಣವೆಂದರೆ, ಬಾಯಿಬಿಟ್ಟರೆ ಹಕ್ಕಿ ಹೋಯಿತು, ಹಕ್ಕಿ ಹೋದರೆ ಬೇಲಿ ಹೋಯಿತು. ಅವರು ಅಲ್ಲೇ ತೆಂಗಿನ ಮರದಡಿ ಕೂತು, ಫ್ಲಾಸ್ಕ್ ಪಕ್ಕದಲ್ಲಿಟ್ಟುಕೊಂಡು ಜೆಸಿಬಿಯ ದಾರಿ ಕಾಯತೊಡಗಿದರು.

ಆಗ ಬೇಲಿಯ ಬುಡ ಅಲುಗಿತು. ತಾಯಿಹಕ್ಕಿ ಕತ್ತು ಹೊರಹಾಕಿತು. ಹಿಂದೆಯೇ ಮರಿಗಳು! ನೇರ ನನ್ನ ಕಾಲ ಬಳಿಗೇ ಬಂದು ಗೆದ್ದಲು ಕೆದಕತೊಡಗಿದವು. ಅಪ್ಪ ಪಕ್ಕದಲ್ಲೇ ಉಸಿರು ಬಿಗಿಹಿಡಿದು ಕೂತಿದ್ದಾರೆ ಅನ್ನಿಸಿತು. ಮಡಕೆಯೊಳಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಕೋಲಿನಲ್ಲಿತ್ತು.

ತೀರ್ಥಮ್ಮ ಬೆರಳು ಮಡಚುತ್ತಾ ಮರಿಗಳನ್ನು ಎಣಿಸಿದಳು. ಆಮೇಲೆ ಮೆಲ್ಲಗೆ, "ಜೆಸಿಬಿಯವನಿಗೆ ಬರಬೇಡ ಅಂತ ಫೋನ್ ಮಾಡು ಕಣೋ. ಬೇಲಿ ಇರ್ಲಿ" ಎಂದಳು.

ಗೆದ್ದೆ! ಸಾಮ್ರಾಜ್ಯ ಉಳಿಯಿತು! ಎದೆ ಉಬ್ಬಿದ ರಭಸಕ್ಕೆ ಹರಕು ಅಂಗಿಯ ಕೊನೆಯ ಗುಂಡಿಯೂ ಕಿತ್ತುಬಂತು.

ಕಾಂತರಾಜ ನನ್ನನ್ನೇ ದಿಟ್ಟಿಸುತ್ತಿದ್ದ. "ಇದೆಂಥ ಬೆರ್ಚಪ್ಪ ಅಕ್ಕಾ? ಕಾಲ್ಬುಡದಲ್ಲೇ ಮೇಯ್ತಾವೆ. ಒಂದು ಮರೀನೂ ಹೆದರಲ್ವಲ್ಲ?"

ತೀರ್ಥಮ್ಮ ಮೂರನೆಯ ಲೋಟಕ್ಕೂ ಕಾಫಿ ಬಗ್ಗಿಸುತ್ತಾ ಅಂದಳು:

"ಮನೇಲೂ ಅಷ್ಟೇ ಕಣೋ."