ಮಂಚಯ್ಯನ ಲೈಸೆನ್ಸಿಗೆ ಏಳು ಸಾಕ್ಷಿ

ಲಾರಿ ಓಡಿಸುವುದು ಮಂಚಯ್ಯನಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಅದರ ಕಾನೂನು. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿ ರಾಮಣ್ಣನವರ ಲಾರಿಗೆ ಅವನು ಹನ್ನೊಂದು ವರ್ಷದಿಂದ ಕ್ಲೀನರು. ಕ್ಲೀನರಾದವನು ಓಡಿಸುವುದನ್ನು ಯಾವಾಗ ಕಲಿತ ಎಂದು ಯಾರೂ ಕೇಳುತ್ತಿರಲಿಲ್ಲ. ಡ್ರೈವರ್ ಗಂಗಯ್ಯನ ಕಣ್ಣಿಗೆ ಪೊರೆ ಬಂದು ಎಷ್ಟು ವರ್ಷವಾಯಿತು ಎಂದೂ ಕೇಳುತ್ತಿರಲಿಲ್ಲ. ನಮ್ಮ ಜನ ಅಷ್ಟು ಸಂಭಾವಿತರು.

ಈಗ ಗಂಗಯ್ಯ ಕೆಲಸ ಬಿಡುವೆನೆಂದ. ರಾಮಣ್ಣನವರು ಮಂಚಯ್ಯನನ್ನು ಕರೆದು, ಶುಕ್ರವಾರ ಬ್ರೇಕ್ ಇನ್ಸ್‌ಪೆಕ್ಟರು ಹೊಳೆನರಸೀಪುರಕ್ಕೆ ಬರುತ್ತಾರೆ, ಲೈಸೆನ್ಸು ತಂದರೆ ಸ್ಟೇರಿಂಗು ನಿನ್ನದು, ಇಲ್ಲದಿದ್ದರೆ ನನ್ನ ಬಾಮೈದನದು ಎಂದುಬಿಟ್ಟರು. ಆ ಬಾಮೈದ ಸೈಕಲ್ಲಿನಲ್ಲೇ ಎರಡು ಸಲ ಕೆರೆಗಿಳಿದ ಆಸಾಮಿ. ಅವನ ಕೈಕೆಳಗೆ ಕ್ಲೀನರಾಗಿ ಸಾಯುವುದಕ್ಕಿಂತ ಕಾನೂನು ಓದುವುದೇ ಮೇಲೆಂದು ಮಂಚಯ್ಯ ಪುಸ್ತಕ ಹಿಡಿದ.

ಓದಿಸಲು ಬೀದಿಗೆ ಬೀದಿಯೇ ಟೊಂಕ ಕಟ್ಟಿ ನಿಂತಿತು. ಚಂದ್ರಶೇಖರಯ್ಯ ಮೇಷ್ಟ್ರು ಪ್ರಶ್ನೆ ಕೇಳುವುದು, ಪಕ್ಕದ ಮನೆಯ ದೊಡ್ಡತಾಯಮ್ಮ ಜಗಲಿಯಲ್ಲಿ ಕೂತು ಉತ್ತರ ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದು. ಶುಕ್ರವಾರ ಬೆಳಿಗ್ಗೆ ಕೊನೆಯ ತಾಲೀಮು. ದನ ಅಡ್ಡ ಬಂದರೆ ಏನು ಮಾಡುತ್ತೀಯ ಎಂದು ಮೇಷ್ಟ್ರು ಕೇಳಿದರು.

"ಇಳ್ದು ದನದೋನಿಗೆ ಬಯ್ತೀನಿ."

"ನಿಧಾನ ಮಾಡ್ಬೇಕು ಕಣಯ್ಯ. ಪುಸ್ತಕದಲ್ಲಿ ಬೈಗುಳ ಇಲ್ಲ," ಎಂದು ಮೇಷ್ಟ್ರು ಹಣೆ ಚಚ್ಚಿಕೊಂಡರು.

ಕೈ ಸಿಗ್ನಲ್ಲು ಮಾತ್ರ ಮಂಚಯ್ಯನ ಮೈಗೇ ಹತ್ತಿಬಿಟ್ಟಿತ್ತು. ಸ್ನಾನಕ್ಕೆಂದು ಹಿತ್ತಲಿಗೆ ತಿರುಗುವ ಮುಂಚೆ ಬಲಗೈ ಚಾಚಿದ. ಪಕ್ಕದಲ್ಲೇ ಬರುತ್ತಿದ್ದ ದೊಡ್ಡತಾಯಮ್ಮನ ಮಜ್ಜಿಗೆ ಚೆಂಬು ಎಗರಿತು. ಬೇರೆ ದಿನವಾಗಿದ್ದರೆ ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದಳು. ಇಂದು ಸಿಗ್ನಲ್ಲು ಸರಿಯಾಗಿತ್ತೆಂದು ಮೆಚ್ಚಿಕೊಂಡಳು.

ಹೊರಡುವಾಗ ಗಂಗಯ್ಯ ಮೆಲ್ಲಗೆ ಬುದ್ಧಿ ಹೇಳಿದ. "ಎಲ್ಲಿ ಕಲ್ತೆ ಅಂತ ಕೇಳ್ತಾರೆ. ಎಲ್ ಬೋರ್ಡು ಕಟ್ಕಂಡು ಮೈದಾನ್ದಲ್ಲಿ ಮೂರು ತಿಂಗ್ಳು ಕಲ್ತೆ ಅನ್ನು. ಇನ್ನೊಂದ್ ಮಾತು ಆಡ್ಬ್ಯಾಡ."

ಮಂಚಯ್ಯ ಆಡಲಾರ, ಸರಿ. ಆದರೆ ದೊಡ್ಡತಾಯಮ್ಮ ಸೆರಗು ಬಿಗಿದಾಗಿತ್ತು. ಹೆಣ್ಣು ಕೇಳುವುದಕ್ಕಾಗಲಿ, ಪಂಚಾಯ್ತಿಗಾಗಲಿ, ಒಬ್ಬನೇ ಹೋಗಿ ನಿಂತದ್ದುಂಟೇ? ಒಳ್ಳೆಯವನು ಎಂದು ಹೇಳಲು ನಾಲ್ಕು ಜನ ಬೇಡವೇ?

"ಒಬ್ನೇ ಓಗ್ ನಿಂತ್ರೆ ಯಾರ್ಲಾ ನಂಬ್ತಾರೆ? ನಾವೂ ಬತ್ತೀವಿ," ಎಂದಳು. ನಾಲ್ಕು ಜನ ಏಳಾದರು. ಮೇಷ್ಟ್ರು ರಜಾ ಹಾಕಿದರು. ಮಂಚಯ್ಯ ಗಂಗಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ ಬೋರ್ಡು ಕಟ್ಟಿ, ಲಾರಿಯಲ್ಲಿ ಹೊರಟ. ಸಾಕ್ಷಿಗಳು ಹಿಂದೆಯೇ ಬಸ್ಸಿನಲ್ಲಿ ಬಂದಿಳಿದರು.

ಹೊಳೆನರಸೀಪುರದ ಮುಸಾಫಿರಖಾನೆಯ ಮುಂದೆ ಮರದ ನೆರಳಲ್ಲಿ ಇನ್ಸ್‌ಪೆಕ್ಟರು ಕುರ್ಚಿ ಹಾಕಿಸಿಕೊಂಡಿದ್ದರು. ಆವತ್ತು ಮಂಚಯ್ಯನ ನಾಲಿಗೆಯ ಮೇಲೆ ಯಾವ ದೇವರು ಕೂತಿದ್ದನೋ! ಶಾಲೆಯ ಹತ್ತಿರ ಏನು, ತಿರುವಿನಲ್ಲಿ ಏನು, ಎದುರು ದೀಪ ಬಂದರೆ ಏನು, ಎಲ್ಲಕ್ಕೂ ಪಟಪಟ ಉತ್ತರ. ದನಕ್ಕೂ ನಿಧಾನವನ್ನೇ ಹೇಳಿದ. ಎರಡು ಕಲ್ಲಿನ ನಡುವೆ ಲಾರಿಯನ್ನು ಹಿಂದಕ್ಕೆ ತಂದು ನಿಲ್ಲಿಸಿದ ಚೆಂದಕ್ಕೆ ಇನ್ಸ್‌ಪೆಕ್ಟರೇ ಎದ್ದು ನಿಂತರು. ಪೆನ್ನಿನ ಮುಚ್ಚಳ ತೆಗೆದರು.

"ಎಲ್ಲಯ್ಯಾ ಕಲಿತೆ?"

"ಮೈದಾನ್ದಲ್ಲಿ ಸಾ. ಮೂರು ತಿಂಗ್ಳು."

"ಮೂರೇ ತಿಂಗಳಿಗೆ ಇಷ್ಟು ಚೆನ್ನಾಗಿಯಾ?"

ಅವರು ಮೆಚ್ಚಿ ಕೇಳಿದ್ದು. ದೊಡ್ಡತಾಯಮ್ಮನಿಗೆ ಅದು ಅನುಮಾನದಂತೆ ಕಂಡಿತು. ತಾನು ಬಂದದ್ದೇ ಈ ಗಳಿಗೆಗಾಗಿ ಎಂದು ಮುಂದೆ ನುಗ್ಗಿದಳು.

"ಅನ್ಮಾನ ಬ್ಯಾಡಿ ಸ್ವಾಮಿ. ಮೂರು ತಿಂಗ್ಳು ಯಾಕೆ, ಏಳು ವರ್ಸದಿಂದ ದಿನಾ ಲಾರಿ ಓಡ್ಸೋನು ಇವ್ನೇಯ. ನನ್ ಮಗಳ್ನ ಎರ್ಗೆಗೆ ಹಾಸನದ ಆಸ್ಪತ್ರೆಗೆ ಕರ್ಕಂಡೋದೋನೂ ಇವ್ನೇ. ಗಂಗಣ್ಣಂಗೆ ಕಣ್ಣು ಎಲ್ಲಿ ಕಾಣ್ತವೆ, ಪಾಪ. ಇಷ್ಟು ದಿನಕ್ಕೆ ಒಂದು ಕೋಳೀನೂ ಸತ್ತಿಲ್ಲ."

ಉಳಿದವರು ಹೌದು ಹೌದೆಂದು ತಲೆಯಾಡಿಸಿದರು. ಮೇಷ್ಟ್ರು ಮಾತ್ರ ಮರದ ಹಿಂದೆ ಸರಿದರು.

ಇನ್ಸ್‌ಪೆಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ಮಂಚಯ್ಯ ಇನ್ನು ಒಂದು ವರ್ಷ ಅರ್ಜಿಯನ್ನೇ ಹಾಕಕೂಡದು ಎಂದರು. ಗಂಗಯ್ಯನ ಲೈಸೆನ್ಸು ಅವರ ಜೇಬಿಗೆ ಹೋಯಿತು. ಲೈಸೆನ್ಸು ಇರುವವನು ಬರುವ ತನಕ ಲಾರಿ ಅಲ್ಲಾಡಬಾರದೆಂದು ಅಪ್ಪಣೆಯಾಯಿತು. ಮಂಚಯ್ಯನಿಗೆ ಅಳು ಬಂತು. ಏಳು ವರ್ಷದ ಕೆಲಸ ಒಂದು ಹೊಗಳಿಕೆಗೆ ಹೋಯಿತಲ್ಲ! ಯಾರನ್ನು ಬೈಯುವುದು? ಪುಸ್ತಕದಲ್ಲಿ ಬೈಗುಳವೇ ಇರಲಿಲ್ಲ.

ಸಂಜೆ ಸಾಕ್ಷಿಗಳೆಲ್ಲ ಗಂಗಯ್ಯನ ಕೈಹಿಡಿದುಕೊಂಡು ಬಸ್ಸು ಹತ್ತಿದರು. ಲಾರಿ ಕಾಯಲು ಉಳಿದ ಮಂಚಯ್ಯ ಕ್ಲೀನರ ಕೆಲಸದಂತೆ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಎದ್ದು ನಿಂತ. ದೊಡ್ಡತಾಯಮ್ಮ ಕಿಟಕಿಯಿಂದ ತಲೆ ಹಾಕಿ ಸಮಾಧಾನ ಹೇಳಿದಳು.

"ಏಳು ಜನ ಸಾಲ್ನಿಲ್ಲ ಕಣ್ಲಾ ಮಂಚ. ಬರೋ ವರ್ಸ ಬೀದಿಯೋರೆಲ್ಲ ಬತ್ತೀವಿ, ಯೋಚ್ನೆ ಮಾಡ್ಬ್ಯಾಡ."

ಮಂಚಯ್ಯ ಬಲಗೈ ಚಾಚಿ ಹಿಂದಿನಿಂದ ಮುಂದಕ್ಕೆ ಬೀಸಿ, ಮುಂದೆ ಹೋಗಬಹುದು ಎಂಬ ಸಿಗ್ನಲ್ಲು ತೋರಿಸಿದ. ಪುಸ್ತಕದಲ್ಲಿ ಇದ್ದಂತೆಯೇ ತೋರಿಸಿದ.